ತಗಾವಿಯಿಂದ ಗೃಹಲಕ್ಷ್ಮಿಯವರೆಗೆ: ಬಡ ಕುಟುಂಬದ ಕೈಗೆ ಬಂದ ಹಣದ ಕಥೆ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆಗೆ ಹೊರಟರೆ ಕಣಗಲಾ ಸಿಗುತ್ತದೆ. ಹುಕ್ಕೇರಿ ತಾಲೂಕಿನ ಈ ಊರು ಗಡಿನಾಡಿನ ಊರು. ಇಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು. ಒಂದು ಕಡೆ ಎಚ್‌ಎಲ್‌ಎಲ್ ಲೈಫ್‌ಕೇರ್ ಎಂಬ ಸರ್ಕಾರಿ ಉದ್ಯಮದ ಕಾರ್ಖಾನೆ, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಹೊಲಗಳು. ಇಂಥ ಊರುಗಳ ಬ್ಯಾಂಕಿನ ಮುಂದೆ 2023ರ ನಂತರ ಒಂದು ಪ್ರಶ್ನೆ ಸಾಮಾನ್ಯವಾಯಿತು: "ಈ ತಿಂಗಳ ರೊಕ್ಕ ಬಂದೈತೇನ್ರೀ?" ಉತ್ತರ ಕೆಲವೊಮ್ಮೆ "ಹೌದು" ಎಂದಿರುತ್ತದೆ, ಕೆಲವೊಮ್ಮೆ "ಇಲ್ಲ ಆಯಿ, ಇನ್ನೂ ಬಂದಿಲ್ಲ" ಎಂದಿರುತ್ತದೆ.

ಈ ಸಣ್ಣ ಸಂಭಾಷಣೆಯ ಹಿಂದೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಕಷ್ಟದಲ್ಲಿರುವ ಕುಟುಂಬಕ್ಕೆ ಸರ್ಕಾರ ಏನು ಕೊಡಬೇಕು? ಕಾಳು ಕೊಡಬೇಕೆ, ಕೆಲಸ ಕೊಡಬೇಕೆ, ಸಾಲ ಕೊಡಬೇಕೆ, ಇಲ್ಲವೆ ನೇರವಾಗಿ ಹಣವನ್ನೇ ಕೊಡಬೇಕೆ? ಕೊಟ್ಟರೆ ಯಾರ ಕೈಗೆ ಕೊಡಬೇಕು? ಯಾವಾಗ ಕೊಡಬೇಕು? ಈ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದ ಆಡಳಿತಗಾರರು ಬೇರೆ ಬೇರೆ ಉತ್ತರ ಕೊಟ್ಟರು. ಆ ಉತ್ತರಗಳನ್ನು ಒಂದೊಂದಾಗಿ ನೋಡೋಣ.

ನಮ್ಮ ಅನುಕೂಲಕ್ಕಾಗಿ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಎರಡು ಎಕರೆ ಒಣಭೂಮಿ, ಒಬ್ಬ ಮುದುಕಿ, ಗಂಡ ಹೆಂಡತಿ, ಇಬ್ಬರು ಮಕ್ಕಳು, ಒಂದು ಎಮ್ಮೆ, ಎರಡು ಆಡು. ಹೆಸರು ಬೇಡ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳಲ್ಲಿ ಇಂಥ ಮನೆಗಳು ಅಂದೂ ಇದ್ದವು, ಇಂದೂ ಇವೆ.

ಕಾಳಿನ ಬರವೋ, ಕೈಯ ಬರವೋ?

1876ರಲ್ಲಿ ಮಳೆ ಕೈಕೊಟ್ಟಿತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಈ ಕ್ಷಾಮವನ್ನು ಧಾತು-ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನೆಯುತ್ತಿದ್ದರು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮೂರೂ ಜಿಲ್ಲೆಗಳು ಬರದ ಹೊಡೆತಕ್ಕೆ ಸಿಕ್ಕವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬರ ಬಿದ್ದಾಗ ನಾಡಿನಲ್ಲಿ ಕಾಳೇ ಇರುವುದಿಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ ಆಗಲೂ ಪೇಟೆಯಲ್ಲಿ ವ್ಯಾಪಾರಿಗಳ ಬಳಿ ಧಾನ್ಯವಿತ್ತು, ದೇಶದಿಂದ ಧಾನ್ಯ ಹೊರಕ್ಕೂ ಹೋಗುತ್ತಿತ್ತು. ಇಲ್ಲದ್ದು ಕೊಳ್ಳುವವರ ಕೈಯಲ್ಲಿ ಹಣ. ಹೊಲದಲ್ಲಿ ಕೆಲಸವಿಲ್ಲದ ಮೇಲೆ ಕೂಲಿ ಇಲ್ಲ. ಕೂಲಿ ಇಲ್ಲದ ಮೇಲೆ ಕಾಳು ಕಣ್ಣೆದುರಿಗಿದ್ದರೂ ದೂರ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟಿಸಿದ ಬಡತನ ಮತ್ತು ಕ್ಷಾಮಗಳ ಕುರಿತ ಗ್ರಂಥದಲ್ಲಿ, 1943ರ ಬಂಗಾಳದ ಕ್ಷಾಮವನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು, ಈ ವಿಚಾರವನ್ನು ವಿಸ್ತಾರವಾಗಿ ನಿರೂಪಿಸಿದರು. ಅನೇಕ ಕ್ಷಾಮಗಳು ಕಾಳಿನ ಬರಕ್ಕಿಂತ ಕೈಯ ಬರಗಳೇ ಆಗಿದ್ದವು.

ಅಂದಿನ ಸರ್ಕಾರವೂ ಇದನ್ನು ಒಂದು ಮಟ್ಟಿಗೆ ಅರಿತಿತ್ತು. ಆದ್ದರಿಂದಲೇ ಕಲ್ಲು ಒಡೆಯುವ, ರಸ್ತೆ ಕಟ್ಟುವ, ಕೆರೆ ತೋಡುವ ಪರಿಹಾರ ಕಾಮಗಾರಿಗಳನ್ನು ತೆರೆದು ಕೂಲಿ ಕೊಟ್ಟಿತು. ಆದರೆ ಎಷ್ಟು ಕೊಟ್ಟಿತು? ವೈಸರಾಯ್ ಲಿಟ್ಟನ್ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಬರದ ನಾಡಿಗೆ ಕಳಿಸಿದನು. ಖರ್ಚು ಕಡಿಮೆ ಮಾಡುವುದು ಆತನ ಮುಖ್ಯ ಉದ್ದೇಶವಾಗಿತ್ತು. ಒಬ್ಬ ಗಂಡಾಳಿನ ದಿನದ ಕೂಲಿಯನ್ನು ಲೆಕ್ಕ ಹಾಕುವಾಗ ಒಂದೂವರೆ ಪೌಂಡ್ ಧಾನ್ಯದ ಬದಲು ಒಂದೇ ಪೌಂಡ್ ಧಾನ್ಯ ಸಾಕೆಂದು ಆತ ಗೊತ್ತುಮಾಡಿದನು. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಅಷ್ಟು ಕಾಳು ಕೊಳ್ಳುವ ಹಣ, ಮೇಲೆ ಸ್ವಲ್ಪ ಚಿಲ್ಲರೆ. ಇದಕ್ಕಾಗಿ ದಿನವಿಡೀ ಕಲ್ಲು ಒಡೆಯಬೇಕಿತ್ತು. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಕಾರರು ಕೆಲಸ ಬಿಟ್ಟು ಪ್ರತಿಭಟಿಸಿದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್, ಈ ಕೂಲಿಯಲ್ಲಿ ಮನುಷ್ಯ ಬದುಕಲಾರನೆಂದು ವಾದಿಸಿದನು.

ನಮ್ಮ ಕುಟುಂಬ ಆಗ ಏನು ಮಾಡಿತ್ತು? ಮೊದಲು ಆಡು ಮಾರಿತು. ಆಮೇಲೆ ಎಮ್ಮೆ. ಆಮೇಲೆ ಹೆಂಡತಿಯ ಕಿವಿಯೋಲೆ. ಕೊನೆಗೆ ಮನೆಯ ಬಾಗಿಲು ಎಳೆದುಕೊಂಡು ಕಾಮಗಾರಿಗೆ ಹೊರಟಿತು. ಅಂದರೆ, ಸಹಾಯ ತಲುಪುವ ಹೊತ್ತಿಗೆ ಮತ್ತೆ ಎದ್ದು ನಿಲ್ಲಲು ಬೇಕಾದ ಆಸರೆಗಳೆಲ್ಲ ಹೋಗಿಬಿಟ್ಟಿದ್ದವು. ತಡವಾಗಿ ಬಂದ ಸಹಾಯ ಜೀವ ಉಳಿಸಬಹುದು, ಬದುಕನ್ನು ಉಳಿಸಲಾರದು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬೇಕಾಗುತ್ತದೆ.

"ಕೊಟ್ಟರೆ ಸೋಮಾರಿಗಳಾಗುತ್ತಾರೆ"

ಇಷ್ಟು ಕಠಿಣವಾಗಿ ನಡೆದುಕೊಳ್ಳಲು ಕಾರಣವೇನು? ಸುಮ್ಮನೆ ಕೊಟ್ಟರೆ ಜನ ದುಡಿಯುವುದನ್ನು ಬಿಡುತ್ತಾರೆ ಎಂಬ ಭಯ. ಈ ಭಯ ಇಂಗ್ಲೆಂಡಿನಿಂದ ಬಂದದ್ದು.

1795ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದ ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ನ್ಯಾಯಾಧಿಕಾರಿಗಳು ಸಭೆ ಸೇರಿ ಒಂದು ವ್ಯವಸ್ಥೆ ಮಾಡಿದರು. ಬ್ರೆಡ್ಡಿನ ಬೆಲೆ ಏರಿದರೆ, ಕುಟುಂಬದ ಗಾತ್ರಕ್ಕೆ ತಕ್ಕಂತೆ ಬಡ ಕೂಲಿಗಾರನಿಗೆ ಸಾರ್ವಜನಿಕ ನಿಧಿಯಿಂದ ಹಣ ಸೇರಿಸಿ ಕೊಡುವುದು. ಸುಮಾರು ನಲವತ್ತು ವರ್ಷಗಳ ನಂತರ ಒಂದು ರಾಜ ಆಯೋಗ ಇದನ್ನು ಖಂಡಿಸಿತು. ಇದು ಕೂಲಿಗಾರರನ್ನು ಸೋಮಾರಿಗಳನ್ನಾಗಿ ಮಾಡಿತೆಂದು ಹೇಳಿತು. 1834ರಲ್ಲಿ ಹೊಸ ಕಾಯಿದೆ ಬಂದಿತು. ಸಹಾಯ ಬೇಕಾದ ಬಡವರು ಸೆರೆಮನೆಯಂಥ ದುಡಿಮೆಯ ಮನೆಗಳನ್ನು ಸೇರಬೇಕಾಯಿತು. ಆದರೆ ಇಪ್ಪತ್ತನೆಯ ಶತಮಾನದ ಇತಿಹಾಸಕಾರರು, ಮುಖ್ಯವಾಗಿ ಮಾರ್ಕ್ ಬ್ಲಾಗ್, ಆ ಆಯೋಗದ ವರದಿಯನ್ನು ಮತ್ತೆ ಪರಿಶೀಲಿಸಿದಾಗ ಅದರ ತೀರ್ಮಾನಗಳಿಗೆ ಅದರಲ್ಲಿದ್ದ ಸಾಕ್ಷ್ಯವೇ ಆಧಾರ ಕೊಡುವುದಿಲ್ಲವೆಂದು ಕಂಡುಕೊಂಡರು. ಆದರೇನು, ಭಯ ಮಾತ್ರ ಉಳಿಯಿತು. ಭಾರತಕ್ಕೆ ಬಂದ ಅಧಿಕಾರಿಗಳ ತಲೆಯಲ್ಲಿ ಅದು ಕೂತಿತ್ತು. ಇಂದಿನ ಪತ್ರಿಕೆಗಳ ಚರ್ಚೆಯಲ್ಲಿ "ಬಿಟ್ಟಿ ಭಾಗ್ಯ" ಎಂಬ ಮಾತು ಕೇಳಿದಾಗ ಅದೇ ಭಯ ಮತ್ತೆ ಮಾತಾಡುತ್ತದೆ.

ತಗಾವಿ: ಇದ್ದವನಿಗೆ ಸಿಕ್ಕ ಬಲ

ಕ್ಷಾಮದ ನಂತರ ನೇಮಕವಾದ ಆಯೋಗ 1880ರಲ್ಲಿ ವರದಿ ಕೊಟ್ಟಿತು. ದುಡಿಯಬಲ್ಲವರಿಗೆ ಕಾಮಗಾರಿ, ದುಡಿಯಲಾರದ ಮುದುಕರು ಮತ್ತು ರೋಗಿಗಳಿಗೆ ಉಚಿತ ಸಹಾಯ, ರೈತರಿಗೆ ಕಂದಾಯದಲ್ಲಿ ಸಡಿಲಿಕೆ ಮತ್ತು ಸಾಲ. ಸ್ಥೂಲವಾಗಿ ಇದೇ ಅದರ ಸಾರ. ಇದರ ಆಧಾರದ ಮೇಲೆ ಕ್ಷಾಮ ಸಂಹಿತೆಗಳು ರಚಿತವಾದವು. 1883ರ ಭೂಸುಧಾರಣಾ ಸಾಲ ಕಾಯಿದೆ ಮತ್ತು 1884ರ ಕೃಷಿಕರ ಸಾಲ ಕಾಯಿದೆಗಳ ಮೂಲಕ ಸರ್ಕಾರ ರೈತರಿಗೆ ನಗದು ಸಾಲ ಕೊಡತೊಡಗಿತು. ಬಾವಿ ತೋಡಲು, ಒಡ್ಡು ಹಾಕಲು, ಬೀಜ ಮತ್ತು ಎತ್ತು ಕೊಳ್ಳಲು ಸಿಕ್ಕ ಈ ಸಾಲಕ್ಕೆ ನಮ್ಮ ಕಡೆ ತಗಾವಿ ಎಂದು ಹೆಸರು. ಅರಬ್ಬೀ ಮೂಲದ ಈ ಪದಕ್ಕೆ ಬಲ ಕೊಡುವುದು ಎಂದರ್ಥ.

ಹೆಸರೇನೋ ಚೆನ್ನಾಗಿದೆ. ಆದರೆ ಬಲ ಯಾರಿಗೆ ಸಿಕ್ಕಿತು? ಸಾಲಕ್ಕೆ ಜಾಮೀನು ಬೇಕು, ಜಾಮೀನೆಂದರೆ ಭೂಮಿ. ಹೊಲವಿಲ್ಲದ ಕೂಲಿಗಾರನಿಗೂ, ಹೊಲದ ಕಾಗದದಲ್ಲಿ ಹೆಸರಿಲ್ಲದ ಹೆಂಗಸಿಗೂ ತಗಾವಿಯ ಬಾಗಿಲು ತೆರೆಯಲಿಲ್ಲ. ಪಡೆದವನೂ ಕಂತು ತೀರಿಸಲೇಬೇಕು. ಮುಂದಿನ ವರ್ಷವೂ ಮಳೆ ಬಾರದಿದ್ದರೆ ಸರ್ಕಾರದ ಸಾಲ ತೀರಿಸಲು ಸಾಹುಕಾರನ ಸಾಲ ಮಾಡಬೇಕಾಗುತ್ತಿತ್ತು.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಉತ್ತರವೂ ಈ ಸೀಮೆಯಲ್ಲಿ ಕಾಣಿಸಿತು. ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಒಡ್ಡು 1897ರ ಸುಮಾರಿಗೆ ಸಿದ್ಧವಾಯಿತು. ನೀರು ಹರಿದ ಕಡೆ ಬರದ ಭಯ ಕಡಿಮೆಯಾಯಿತು. ಹಣ ಒಂದು ವರ್ಷ ತಡೆಯುತ್ತದೆ, ಕಾಲುವೆ ತಲೆಮಾರು ತಡೆಯುತ್ತದೆ. ಆದರೆ ಕಾಲುವೆ ಎಲ್ಲರ ಹೊಲಕ್ಕೂ ಹೋಗಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಕಾಮಗಾರಿ ಹಕ್ಕಾದದ್ದು

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1972ರಲ್ಲಿ ಮತ್ತೆ ಭೀಕರ ಬರ. ಉತ್ತರ ಕರ್ನಾಟಕದ ಹಿರಿಯರನ್ನು ಕೇಳಿ ನೋಡಿ. ಎಪ್ಪತ್ತೆರಡರ ಬರವೆಂದರೆ ಅವರ ಮುಖ ಬದಲಾಗುತ್ತದೆ. ಆಗಲೂ ಬರಗಾಲದ ಕಾಮಗಾರಿಗಳೇ ಮುಖ್ಯ ಪರಿಹಾರ. ಆದರೆ ಕಣಗಲೆಗೆ ಸಮೀಪದಲ್ಲೇ, ಗಡಿಯಾಚೆಯ ಮಹಾರಾಷ್ಟ್ರದಲ್ಲಿ, ಆ ಬರದ ಅನುಭವದಿಂದ ಉದ್ಯೋಗ ಖಾತರಿ ಯೋಜನೆ ಬೆಳೆಯಿತು. 1977ರಲ್ಲಿ ಅದಕ್ಕೆ ಕಾಯಿದೆಯ ರೂಪ ಸಿಕ್ಕಿತು. ಕೆಲಸ ಕೇಳುವುದು ಭಿಕ್ಷೆಯಲ್ಲ, ಹಕ್ಕು ಎಂಬುದು ಅದರ ತಿರುಳು. 2005ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ ಇದೇ ದಾರಿಯಲ್ಲಿ ಬಂದು, ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ಕೊಟ್ಟಿತು. 2008ರ ಹೊತ್ತಿಗೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಹಬ್ಬಿತು.

ಆದರೆ ಮನೆಯ ಮುದುಕಿ ಕಲ್ಲು ಒಡೆಯಲಾರಳು. ಬಾಣಂತಿ ಬುಟ್ಟಿ ಹೊರಲಾರಳು. ಅವರಿಗೇನು ದಾರಿ?

ಅಂಚೆಯವನು ತಂದ ಎಪ್ಪತ್ತೈದು ರೂಪಾಯಿ

ಈ ಪ್ರಶ್ನೆಗೆ ರಾಜ್ಯ ಸರ್ಕಾರ ವೃದ್ಧಾಪ್ಯ ವೇತನ, ನಿರ್ಗತಿಕ ವಿಧವಾ ವೇತನಗಳ ಮೂಲಕ ಉತ್ತರ ಕೊಡಲು ಯತ್ನಿಸಿತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಆರಂಭಿಸಿ, ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ ಗೊತ್ತುಮಾಡಿತು. ಮನಿಯಾರ್ಡರ್ ಹಿಡಿದು ಅಂಚೆಯವನು ಮನೆಯ ಮುಂದೆ ನಿಲ್ಲುವ ದೃಶ್ಯ ಆ ಕಾಲದ ಹಳ್ಳಿಗಳಿಗೆ ಪರಿಚಿತ. 2007ರಲ್ಲಿ ಕರ್ನಾಟಕ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆಯನ್ನು 400 ರೂಪಾಯಿಯೊಂದಿಗೆ ಆರಂಭಿಸಿತು.

ಮೊತ್ತ ಚಿಕ್ಕದು. ಆದರೂ ಇದು ಹೊಸ ಬಗೆಯ ಹಣ. ಇದಕ್ಕೆ ಕಲ್ಲು ಒಡೆಯಬೇಕಿಲ್ಲ, ತೀರಿಸಬೇಕಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದು ಪ್ರತಿ ತಿಂಗಳು ಬರುತ್ತದೆ. ಮನೆಯ ಮೂಲೆಯಲ್ಲಿ ಕೂತ ಮುದುಕಿ ಮೊಮ್ಮಗಳ ಕೈಗೆ ಎರಡು ರೂಪಾಯಿ ಇಟ್ಟು "ಪಟ್ಟಿ ತಗೋ" ಎನ್ನುವ ಸ್ಥಿತಿ ಬಂದಿತು. ಸೊಸೆಯ ಮುಂದೆ ಔಷಧಿಗೆ ಕೈಯೊಡ್ಡುವುದು ತಪ್ಪಿತು. ಮನೆಯಲ್ಲಿ ಆಕೆಯ ಸ್ಥಾನ ಸ್ವಲ್ಪ ಎತ್ತರವಾಯಿತು.

ನೆರೆಯ ಹಣ, ತಿಂಗಳ ಹಣ

2019ರ ಆಗಸ್ಟ್ ತಿಂಗಳಲ್ಲಿ ಈ ಸೀಮೆಗೆ ಬಂದದ್ದು ಬರವಲ್ಲ, ನೆರೆ. ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಉಕ್ಕಿದವು. ಗೋಕಾಕ ಪಟ್ಟಣದ ತಗ್ಗು ಭಾಗಗಳು ಮುಳುಗಿದವು. ಸಂಕೇಶ್ವರಕ್ಕೂ ನೀರು ನುಗ್ಗಿತು. ರಾಜ್ಯ ಸರ್ಕಾರ ನೆರೆಗೆ ಸಿಕ್ಕ ಕುಟುಂಬಕ್ಕೆ ತಕ್ಷಣದ ನೆರವಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು.

ಇದು ಒಮ್ಮೆ ಬರುವ ಹಣ. ಪಾತ್ರೆ, ಹಾಸಿಗೆ, ಕಾಳು ಕೊಳ್ಳಲು ಇದು ಬೇಕೇ ಬೇಕು. ಆದರೆ ಒಮ್ಮೆ ಬಂದ ಹಣ ಒಮ್ಮೆಗೇ ಹೋಗುತ್ತದೆ. ದೊಡ್ಡ ಮೊತ್ತಕ್ಕೆ ಮನೆಯ ಉತಾರ ಬೇಕು, ಪಂಚನಾಮೆ ಬೇಕು. ಕಾಗದವಿಲ್ಲದ ಬಡವನಿಗೆ ಇಲ್ಲಿಯೂ ತಗಾವಿಯ ಕಾಲದ ತೊಂದರೆಯೇ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾದ ಗೃಹಲಕ್ಷ್ಮಿ ಯೋಜನೆ ಈ ದೀರ್ಘ ಸರಣಿಯ ಇತ್ತೀಚಿನ ಕೊಂಡಿ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ದಾಖಲಾದ ಮಹಿಳೆಯ ಬ್ಯಾಂಕ್ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಆಕೆಯಾಗಲಿ ಪತಿಯಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾದರೆ ಇದು ಸಿಗುವುದಿಲ್ಲ. ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಮಹಿಳೆಯರು ಇದರ ವ್ಯಾಪ್ತಿಗೆ ಬಂದರು. ತಗಾವಿ ಭೂಮಿಯ ಒಡೆಯನನ್ನು ಹುಡುಕಿತ್ತು. ಇದು ಒಲೆಯ ಒಡತಿಯನ್ನು ಹುಡುಕಿತು. ಇತಿಹಾಸದ ದೃಷ್ಟಿಯಿಂದ ಇದು ಸಣ್ಣ ಬದಲಾವಣೆಯಲ್ಲ.

ಎರಡು ಸಾವಿರ ಏನು ಮಾಡುತ್ತದೆ?

ಲೆಕ್ಕ ಮಾಡಿ ನೋಡಿ. 2,000 ರೂಪಾಯಿ ಎಂದರೆ ದಿನಕ್ಕೆ ಸುಮಾರು 66 ರೂಪಾಯಿ. ಐದು ಜನರ ನಮ್ಮ ಕುಟುಂಬದಲ್ಲಿ ತಲೆಗೆ 13 ರೂಪಾಯಿ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ, ಕೆಲಸ ಬಿಟ್ಟು ಕೂರುವುದೂ ಸಾಧ್ಯವಿಲ್ಲ. ಹಾಗಾದರೆ ಇದರ ಪ್ರಯೋಜನವೇನು?

ಬಿತ್ತನೆಯ ಕಾಲಕ್ಕೆ ನಮ್ಮ ಕುಟುಂಬ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ಕೈಗಡ ತಂದಿದೆ ಎಂದಿಟ್ಟುಕೊಳ್ಳಿ. ಬಡ್ಡಿಯೇ ತಿಂಗಳಿಗೆ 300, ವರ್ಷಕ್ಕೆ 3,600. ಸಾಲಗಾರನ ಒತ್ತಾಯಕ್ಕೆ ಸೋಯಾಬೀನನ್ನು ಸುಗ್ಗಿಯಲ್ಲಿಯೇ, ಬೆಲೆ ಬಿದ್ದಾಗಲೇ ಮಾರಬೇಕು. ಮಗುವಿಗೆ ಜ್ವರ ಬಂದರೆ ಆಡು ಮಾರಬೇಕು. ತಿಂಗಳು ತಿಂಗಳು ನಿಶ್ಚಿತವಾಗಿ 2,000 ಬರುತ್ತಿದ್ದರೆ ಕೈಗಡದ ಮೊತ್ತ ಇಳಿಯುತ್ತದೆ, ಮಾರಾಟ ಎರಡು ತಿಂಗಳು ಮುಂದೆ ಹೋಗುತ್ತದೆ, ಆಡು ಮನೆಯಲ್ಲಿಯೇ ಉಳಿದು ಮರಿ ಹಾಕುತ್ತದೆ. ಹಣದ ನಿಜವಾದ ಫಲ ಅದು ಕೊಂಡ ವಸ್ತುವಿನಲ್ಲಷ್ಟೇ ಇಲ್ಲ, ಅದು ತಪ್ಪಿಸಿದ ನಷ್ಟದಲ್ಲಿಯೂ ಇದೆ. 1877ರ ಕುಟುಂಬಕ್ಕೆ ಸಿಗದೆ ಹೋದದ್ದು ಇದೇ.

ಸೋಮಾರಿತನದ ಭಯದ ವಿಷಯ? 2011ರಲ್ಲಿ ಮಧ್ಯಪ್ರದೇಶದಲ್ಲಿ ಸೇವಾ ಎಂಬ ಮಹಿಳಾ ಶ್ರಮಿಕರ ಸಂಘಟನೆ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ನಡೆಸಿತು. ಎಂಟು ಹಳ್ಳಿಗಳ ಪ್ರತಿಯೊಬ್ಬರಿಗೂ, ವಯಸ್ಕರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ ಯಾವ ಷರತ್ತೂ ಇಲ್ಲದೆ ಕೊಡಲಾಯಿತು. ನಂತರ ಅದನ್ನು 300 ಮತ್ತು 150ಕ್ಕೆ ಏರಿಸಲಾಯಿತು. ಹಣ ಸಿಗದ ಹಳ್ಳಿಗಳೊಂದಿಗೆ ಹೋಲಿಸಿದಾಗ ಮಕ್ಕಳ, ವಿಶೇಷವಾಗಿ ಹೆಣ್ಣುಮಕ್ಕಳ, ಶಾಲೆಯ ಹಾಜರಿ ಉತ್ತಮವಾಗಿತ್ತು, ಊಟ ಸುಧಾರಿಸಿತ್ತು, ಕುಡಿತ ಹೆಚ್ಚಿದ್ದು ಕಾಣಲಿಲ್ಲ. ಅನೇಕರು ತಮ್ಮ ಸ್ವಂತ ಹೊಲದಲ್ಲಿ ಹೆಚ್ಚು ದುಡಿಯತೊಡಗಿದ್ದರು.

ನಮ್ಮ ಜಿಲ್ಲೆಯದೇ ಮಾತು ಬೇಕೆಂದರೆ, ರಾಯಬಾಗ ತಾಲೂಕಿನ ಒಬ್ಬ ಅಜ್ಜಿ ಕೂಡಿಟ್ಟ ಗೃಹಲಕ್ಷ್ಮಿ ಹಣದಿಂದ ಊರವರಿಗೆ ಹೋಳಿಗೆ ಊಟ ಹಾಕಿದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಅದೇ ತಾಲೂಕಿನ ಇನ್ನೊಬ್ಬ ಮಹಿಳೆ ಆ ಹಣದಲ್ಲಿ ಊರಿಗೆ ಗ್ರಂಥಾಲಯ ಮಾಡಿದರು. ಹೋಳಿಗೆಗೆ ಖರ್ಚು ಮಾಡಿದ್ದು ಸರಿಯೇ ಎಂದು ಕೆಲವರು ಕೇಳಿದರು. ಅಜ್ಜಿಗೆ ಒಮ್ಮೆ ಊರಿಗೆ ಬಡಿಸುವ ಆಸೆ ಇರಬಾರದೆ?

ಮಾಡಲಾರದ್ದು ಏನು?

ಹಾಗೆಂದು ಹಣವೊಂದೇ ಎಲ್ಲಕ್ಕೂ ಮದ್ದಲ್ಲ. ಮೊದಲನೆಯದಾಗಿ, ಬೆಲೆ ಏರಿದಂತೆ ಹಣ ಕರಗುತ್ತದೆ. ಸ್ಪೀನ್‌ಹ್ಯಾಮ್‌ಲ್ಯಾಂಡಿನವರು ಬ್ರೆಡ್ಡಿನ ಬೆಲೆ ನೋಡಿ ಹಣ ಕೊಟ್ಟರು. ನಮ್ಮಲ್ಲಿ ಕೇಂದ್ರದ ವೃದ್ಧಾಪ್ಯ ವೇತನದ ಪಾಲು 200 ರೂಪಾಯಿಗೆ ಏರಿದ ಮೇಲೆ ವರ್ಷಗಟ್ಟಲೆ ಅಲ್ಲಿಯೇ ನಿಂತಿತು. 2023ರ ಜುಲೈಯಿಂದ ಅನ್ನಭಾಗ್ಯದಲ್ಲಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಟ್ಟಾಗ, ಆ ದರಕ್ಕೆ ಅಂಗಡಿಯಲ್ಲಿ ಅಷ್ಟು ಅಕ್ಕಿ ಸಿಗುವುದಿಲ್ಲವೆಂದು ಹೆಂಗಸರು ದೂರಿದರು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು.

ಎರಡನೆಯದಾಗಿ, ಯಜಮಾನಿ ಒಬ್ಬಳೇ. ಚೀಟಿಯಲ್ಲಿ ಅತ್ತೆಯ ಹೆಸರಿದ್ದರೆ ಸೊಸೆಗಿಲ್ಲ. ಚೀಟಿಯೇ ಇಲ್ಲದವಳು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದವಳು ಹೊರಗೇ ಉಳಿಯುತ್ತಾಳೆ. ಮೂರನೆಯದಾಗಿ, ವೈದ್ಯರಿಲ್ಲದ ಆಸ್ಪತ್ರೆ, ಶಿಕ್ಷಕರಿಲ್ಲದ ಶಾಲೆ, ನೀರಿಲ್ಲದ ಕಾಲುವೆ ಇವನ್ನು 2,000 ರೂಪಾಯಿ ತುಂಬಿಕೊಡಲಾರದು. ಧೂಪದಾಳದ ಒಡ್ಡು ಕೊಟ್ಟ ಪಾಠ ಇದೇ ಅಲ್ಲವೆ? ಸರ್ಕಾರದ ಬೊಕ್ಕಸದಲ್ಲಿ ಹಣ ಒಂದೇ. ಇಲ್ಲಿ ಕೊಟ್ಟದ್ದು ಅಲ್ಲಿಗೆ ಕಡಿಮೆಯಾಗಬಹುದು ಎಂಬ ವಾದವನ್ನು ತಳ್ಳಿಹಾಕದೆ ತೂಗಿ ನೋಡಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಗೃಹಲಕ್ಷ್ಮಿಯ ಕಂತುಗಳು ಕೆಲವು ಬಾರಿ ತಿಂಗಳುಗಟ್ಟಲೆ ತಡವಾದದ್ದುಂಟು. ಕಚೇರಿಗೆ ಅದು ಬಾಕಿಯ ಲೆಕ್ಕ. ಆಮೇಲೆ ಒಟ್ಟಿಗೆ ಕೊಟ್ಟರಾಯಿತು. ಆದರೆ ಬರುತ್ತದೆಂದು ನಂಬಿ ಕಿರಾಣಿ ಅಂಗಡಿಯಲ್ಲಿ ಉದ್ರಿ ತಂದವಳಿಗೆ? ನಿಶ್ಚಿತವಾಗಿ ಬರುವ ಹಣ ಸಾಲವನ್ನು ತಡೆಯುತ್ತದೆ. ಬರಬಹುದು, ಬಾರದಿರಬಹುದು ಎನ್ನುವ ಹಣ ಸಾಲವನ್ನೇ ತರುತ್ತದೆ. ಆಡು ಮಾರಿದ ಮೇಲೆ ಮೂರು ತಿಂಗಳ ಕಂತು ಒಟ್ಟಿಗೆ ಬಂದರೆ ಆಡು ತಿರುಗಿ ಬರುವುದಿಲ್ಲ. ಟೆಂಪಲ್‌ನ ಕಾಲದ ಪಾಠ ಮತ್ತೆ ಕಣ್ಣೆದುರಿಗೆ ನಿಲ್ಲುತ್ತದೆ.

ಆದ್ದರಿಂದ ಇಂಥ ಯೋಜನೆಯನ್ನು ಅಳೆಯುವಾಗ "ಎಷ್ಟು ಕೊಟ್ಟರು?" ಎಂಬ ಒಂದೇ ಪ್ರಶ್ನೆ ಸಾಲದು. ಯಾರ ಕೈಗೆ ಕೊಟ್ಟರು, ಹೇಳಿದ ದಿನಕ್ಕೆ ಕೊಟ್ಟರೆ, ಪಡೆಯುವವರು ತಲೆಯೆತ್ತಿ ಪಡೆಯುವಂತಿತ್ತೆ ಎಂದೂ ಕೇಳಬೇಕು. ಬ್ಯಾಂಕಿನ ಮುಂದೆ ನಿಂತ ಆಯಿ ಕೇಳುತ್ತಿರುವುದೂ ಇದನ್ನೇ. ಎಷ್ಟು ಬರುತ್ತದೆಂಬುದು ಆಕೆಗೆ ಗೊತ್ತು. ಬಂದಿದೆಯೇ ಎಂದು ಆಕೆ ಕೇಳುತ್ತಾಳೆ.

ವಿದ್ಯಾರ್ಥಿ ಮಿತ್ರರೇ, ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಅಥವಾ ಓಣಿಯ ಹಿರಿಯರೊಬ್ಬರ ಬಳಿ ಕೂತು ಕೇಳಿ: ಎಪ್ಪತ್ತೆರಡರ ಬರದಲ್ಲಿ ನಿಮ್ಮ ಮನೆಯಲ್ಲಿ ಮೊದಲು ಏನನ್ನು ಮಾರಿದರು? ಸಹಾಯ ಯಾವಾಗ ಬಂತು? ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಊರಿನ ಇತಿಹಾಸದ ಒಂದು ಪುಟ ಅಲ್ಲಿರುತ್ತದೆ. ಅದು ಯಾವ ಪಠ್ಯಪುಸ್ತಕದಲ್ಲಿಯೂ ನಿಮಗೆ ಸಿಗಲಾರದು.